ನಿಕೊಲೊ ಕೊಂಟಿಯ ಕುಟುಂಬದ ಈಜಿಪ್ತ ಯಾತ್ರೆ

೧

ವಿಜಯನಗರದ ವೈಭವವನ್ನು ವರ್ಣಿಸುವ ಪ್ರಸಂಗ ಬಂದಾಗಲೆಲ್ಲ ಪರದೇಶದಿಂದ ಬಂದ ಯಾತ್ರಿಕರ ಸಾಕ್ಷ್ಯವನ್ನು ಮುಂದಿಡುವುದು ನಮ್ಮಲ್ಲಿ ರೂಢಿಯಾಗಿ ಬಂದಿದೆ. ನಿಕೊಲೊ ಕೊಂಟಿ, ಅಬ್ದುರ್ ರಜಾಕ್, ಪಾಯೆಸ್, ನೂನಿಜ್ ಎಂಬ ನಾಲ್ಕು ಹೆಸರುಗಳನ್ನು ಪಾಠಶಾಲೆಯ ಬಾಲಕನು ಕೂಡ ಒಂದೇ ಉಸಿರಿನಲ್ಲಿ ಹೇಳಬಲ್ಲನು. ಇವರೊಳಗೆ ಕೊಂಟಿಯು ಕಾಲದಿಂದ ಮೊದಲಿನವನು. ಪಟ್ಟಣದ ಸುತ್ತಳತೆ ೬೦ ಮೈಲಿ, ಆಯುಧ ಹಿಡಿಯಬಲ್ಲ ಗಂಡಸರು ೯೦,೦೦೦ ಎಂದು ಅವನು ಕೊಟ್ಟ ಲೆಕ್ಕವು ನಮ್ಮ ಪುಸ್ತಕಗಳಲ್ಲಿ ಪುನಃ ಪುನಃ ಅಚ್ಚಾಗುತ್ತಲೇ ಇದೆ. ೨೦೨೧ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ, ಆ ರಾಜಧಾನಿಯ ಹೆಸರನ್ನೇ ಹೊತ್ತ ನಮ್ಮ ಜಿಲ್ಲೆಯವರಿಗಂತೂ ಅವು ಮನೆಮಾತುಗಳೇ ಆಗಿವೆ.

ಆದರೆ ಕೊಂಟಿಯು ಏಕಾಂಗಿಯಾಗಿ ತಿರುಗಿದವನಲ್ಲವೆಂಬ ಸಂಗತಿಯು ಅಷ್ಟಾಗಿ ಯಾರ ಲಕ್ಷ್ಯಕ್ಕೂ ಬಂದಂತೆ ತೋರುವುದಿಲ್ಲ. ಅವನ ಯಾತ್ರೆಯ ಬಹುಭಾಗದಲ್ಲಿ ಹೆಂಡತಿಯು ಅವನ ಸಂಗಡ ಇದ್ದಳು. ಮಕ್ಕಳು ಹುಟ್ಟಿದ್ದು ಈ ದಾರಿಯಲ್ಲಿಯೇ, ಬೆಳೆದದ್ದೂ ಈ ದಾರಿಯಲ್ಲಿಯೇ. ಹಡಗಿನಲ್ಲಿ ಸಮುದ್ರವನ್ನೂ ಒಂಟೆಯ ಮೇಲೆ ಮರಳುಗಾಡನ್ನೂ ದಾಟಿ ಈ ಸಂಸಾರವು ಈಜಿಪ್ತ ದೇಶವನ್ನು ಹೊಕ್ಕಿತು. ಹೊಕ್ಕವರೆಲ್ಲರೂ ಅಲ್ಲಿಂದ ಹೊರಬೀಳಲಿಲ್ಲ. ನಾವು ಹೆಮ್ಮೆಯಿಂದ ಉದ್ಧರಿಸುವ ಆ ವರ್ಣನೆಯು ನಮ್ಮ ಕೈಗೆ ಬಂದದ್ದಕ್ಕೂ ಆ ಸಂಸಾರಕ್ಕೆ ಒದಗಿದ ದುರ್ದೈವಕ್ಕೂ ನಿಕಟವಾದ ಸಂಬಂಧವಿದೆ. ಅದನ್ನು ವಾಚಕರ ಮುಂದೆ ನಿವೇದಿಸುವುದೇ ಈ ಲೇಖನದ ಉದ್ದೇಶ.

೨

ಕೊಂಟಿಯು ಇಟಲಿಯ ವೆನಿಸ್ ನಗರದ ವರ್ತಕ. ಯೌವನದಲ್ಲಿಯೇ ಸಿರಿಯದ ಡಮಾಸ್ಕಸ್ ಪಟ್ಟಣಕ್ಕೆ ಹೋಗಿ ಅಲ್ಲಿ ಅರಬ್ಬೀ ಭಾಷೆಯನ್ನು ಕಲಿತನು. ಅಲ್ಲಿಂದ ವರ್ತಕರ ಒಂಟೆಸಾಲಿನೊಡನೆ ಮರಳುಗಾಡನ್ನು ದಾಟಿ, ಪಾರಸಿಕ ದೇಶವನ್ನು ಸೇರಿ, ಅಲ್ಲಿಯ ಭಾಷೆಯನ್ನೂ ಉಡುಪನ್ನೂ ತನ್ನದಾಗಿ ಮಾಡಿಕೊಂಡು, ಪಾರಸಿಕ ವರ್ತಕರೊಡನೆ ಪಾಲುಗಾರನಾಗಿ ಸಮುದ್ರಮಾರ್ಗದಿಂದ ಗುಜರಾತಿನ ಖಂಬಾತಕ್ಕೆ ಬಂದಿಳಿದನು. ಪಶ್ಚಿಮ ಕರಾವಳಿಯನ್ನು ಹಿಡಿದು ತೆಂಕಣಕ್ಕೆ ಸಾಗಿ, ಒಳನಾಡಿನ ದಾರಿಯಲ್ಲಿ ನಡೆದು ಅವನು ವಿಜಯನಗರವನ್ನು ಕಂಡದ್ದು ೧೪೨೦ರ ಆಸುಪಾಸಿನಲ್ಲಿ ಎಂದು ವಿದ್ವಾಂಸರು ಗೊತ್ತುಮಾಡಿರುತ್ತಾರೆ. ಆಗ ಸಿಂಹಾಸನದ ಮೇಲಿದ್ದವನು ೧೪೦೬ರಿಂದ ೧೪೨೨ರವರೆಗೆ ಆಳಿದ ಮೊದಲನೆಯ ದೇವರಾಯ.

ಕೊಂಟಿಯು ಆ ನಗರವನ್ನು 'ಬಿಜೆನೆಗಾಲಿಯ' ಎಂದು ಕರೆದಿದ್ದಾನೆ. ಕಡಿದಾದ ಬೆಟ್ಟಗಳ ಬುಡದಲ್ಲಿ ಅದು ಹರಡಿಕೊಂಡಿತ್ತೆಂದೂ, ಕೋಟೆಯ ಗೋಡೆಗಳು ಬೆಟ್ಟಗಳವರೆಗೆ ಏರಿ ನಡುವಣ ಕಣಿವೆಗಳನ್ನು ಒಳಗುಮಾಡಿಕೊಂಡಿದ್ದುವೆಂದೂ ಅವನ ಹೇಳಿಕೆ. ಹಂಪೆಯ ಮಾತಂಗ ಪರ್ವತವನ್ನೇರಿ ಸುತ್ತಲೂ ಕಣ್ಣು ಹಾಯಿಸಿದವರಿಗೆ ಇದು ಸುಳ್ಳೆನಿಸಲಾರದು. ದೊರೆಗೆ ೧೨,೦೦೦ ಮಡದಿಯರು ಎಂಬಂಥ ಲೆಕ್ಕವನ್ನು ಹಾಗೆಯೇ ನಂಬಬೇಕಾದುದಿಲ್ಲ. ಅಂತಃಪುರದ ದಾಸಿಯರನ್ನೂ ಪರಿವಾರದವರನ್ನೂ ಸಂತೆಯ ಬಾಯಿಮಾತಿನಿಂದ ಎಣಿಸಿದರೆ ಲೆಕ್ಕ ಹೀಗೆಯೇ ಆಗುತ್ತದೆ. ಆದರೆ ಹಬ್ಬಹುಣ್ಣಿಮೆಗಳ ವಿಷಯದಲ್ಲಿ ಅವನ ಕಣ್ಣು ಚುರುಕಾದದ್ದು. ಜನರು ಮಿಂದು ಹೊಸ ಬಟ್ಟೆಯುಟ್ಟು ಮೂರು ದಿನ ಹಾಡಿ ಕುಣಿದು ಉಂಡು ನಲಿಯುವ ಒಂದು ಹಬ್ಬ. ಗುಡಿಯ ಒಳಗೂ ಮಾಡಿನ ಮೇಲೂ ಎಣ್ಣೆಯ ದೀಪಗಳನ್ನು ಹಗಲಿರುಳು ಉರಿಸುವ ಇನ್ನೊಂದು. ಒಂಬತ್ತು ದಿನ ಬೀದಿಗಳಲ್ಲಿ ಹಡಗಿನ ಕೂವೆಮರದಂಥ ಕಂಬಗಳನ್ನು ನೆಟ್ಟು ಜರತಾರಿ ಬಟ್ಟೆಗಳಿಂದ ಅಲಂಕರಿಸುವ ಮತ್ತೊಂದು. ಇವಲ್ಲದೆ ಹಾದಿಹೋಕರ ಮೇಲೆ, ರಾಜರಾಣಿಯರೆಂದು ಕೂಡ ನೋಡದೆ, ಕೇಸರಿಯ ನೀರನ್ನು ಎರಚುವ ದಿನಗಳನ್ನೂ ಅವನು ಹೇಳುತ್ತಾನೆ. ಇದು ನಮ್ಮ ಓಕುಳಿಯೇ ಎಂದು ಯಾರು ತಾನೆ ಗುರುತಿಸರು?

ದೇವರ ತೇರು ಬೀದಿಯಲ್ಲಿ ಸಾಗುವಾಗ ಭಕ್ತಿಯ ಆವೇಶದಿಂದ ಕೆಲವರು ಗಾಲಿಯ ಮುಂದೆ ಬೀಳುತ್ತಿದ್ದರೆಂದೂ, ಕೆಲವರು ಪಕ್ಕೆಯನ್ನು ಸೀಳಿ ಹಗ್ಗವನ್ನು ಪೋಣಿಸಿಕೊಂಡು ತೇರಿಗೆ ನೇತುಬೀಳುತ್ತಿದ್ದರೆಂದೂ ಅವನು ಬರೆಯಿಸಿದ್ದಾನೆ. ಕೊಂಡಿಯನ್ನು ಚುಚ್ಚಿಕೊಂಡು ಸಿಡಿಯಾಡುವ ಹರಕೆಯು ನಮ್ಮ ಸೀಮೆಯಲ್ಲಿ ಬಹುಕಾಲ ನಡೆದುಬಂದದ್ದು ಹಿರಿಯರ ಬಾಯಿಂದ ಕೇಳಿದವರಿಗೆ ತಿಳಿದೇ ಇದೆ. ಹೊಳಲಿನವರಿಗೆ ನೆರೆಯದಾದ ಮೈಲಾರದ ಜಾತ್ರೆಯಲ್ಲಿ ಸರಪಳಿ ಹರಿಯುವ ಪವಾಡವನ್ನೂ, ಕೊಟ್ಟೂರಿನ ತೇರಿಗೆ ಬಾಳೆಯಹಣ್ಣು ಉತ್ತತ್ತಿಗಳನ್ನು ಎಸೆಯುವುದನ್ನೂ ಕಂಡವರು, ಕಂಬದ ತುದಿಯಲ್ಲಿ ಕುಳಿತ ವ್ರತಿಯ ಮೇಲೆ ಜನರು ಕಿತ್ತಳೆ ನಿಂಬೆಯ ಹಣ್ಣುಗಳನ್ನು ಎಸೆಯುತ್ತಿದ್ದರೆಂಬ ಕೊಂಟಿಯ ಮಾತನ್ನು ಕಟ್ಟುಕತೆಯೆಂದು ತಳ್ಳಿಹಾಕಲಾರರು. ಹೀಗೆ ಅವನು ಕೆಲವೆಡೆ ಉತ್ಪ್ರೇಕ್ಷಿಸಿದರೂ ಒಟ್ಟಿನಲ್ಲಿ ಕಂಡದ್ದನ್ನು ಹೇಳಿದವನೆಂಬುದು ಸಿದ್ಧವಾಗುತ್ತದೆ.

೩

ವಿಜಯನಗರವನ್ನು ಬಿಟ್ಟು ಕೊಂಟಿಯು ಪೆನುಗೊಂಡೆಯನ್ನು ನೋಡಿ, ಪೂರ್ವತೀರದ ಮೈಲಾಪುರ, ಸಿಂಹಳ, ಸುಮಾತ್ರ, ಬಂಗಾಳ, ಬರ್ಮಾ ದೇಶದ ಆವಾ ಮೊದಲಾದುವನ್ನು ಸುತ್ತಿದನು. ಜಾವಾ ದ್ವೀಪಗಳಲ್ಲಿ ಹೆಂಡತಿ ಮಕ್ಕಳೊಡನೆ ಒಂಬತ್ತು ತಿಂಗಳು ನಿಂತನೆಂದು ಗ್ರಂಥವು ಹೇಳುತ್ತದೆ. ಹಿಂದಿರುಗುವಾಗ ಕೊಲ್ಲಂ, ಕೊಚ್ಚಿ, ಕಲ್ಲಿಕೋಟೆಗಳನ್ನು ಹಾಯ್ದು, ಸೊಕೋತ್ರ ದ್ವೀಪವನ್ನೂ ಏಡನ್ ಬಂದರನ್ನೂ ಮುಟ್ಟಿ, ಕೆಂಪು ಸಮುದ್ರವನ್ನು ಪ್ರವೇಶಿಸಿ ಜಿದ್ದಾಕ್ಕೆ ಬಂದನು. ಅಲ್ಲಿಂದ ಮುಂದಿನದು ಈಜಿಪ್ತ ಸುಲ್ತಾನನ ಅಧಿಕಾರಕ್ಕೆ ಒಳಪಟ್ಟ ದಾರಿ.

ಈ ದಾರಿಯ ಸಂಕಟವು ಅರ್ಥವಾಗಬೇಕಾದರೆ ಆಗಿನ ವ್ಯಾಪಾರದ ಸ್ಥಿತಿಯನ್ನು ಸ್ವಲ್ಪ ಅರಿಯಬೇಕು. ಮೆಣಸು, ಶುಂಠಿ, ಏಲಕ್ಕಿಗಳು ನಮ್ಮ ಪಶ್ಚಿಮ ತೀರದಿಂದ ಏಡನ್ ಜಿದ್ದಾಗಳ ಮೂಲಕ ಕೈರೋವನ್ನೂ, ಅಲ್ಲಿಂದ ನೈಲ್ ನದಿಯ ಮೇಲೆ ಅಲೆಕ್ಸಾಂಡ್ರಿಯ ಬಂದರನ್ನೂ ಸೇರುತ್ತಿದ್ದುವು. ವೆನಿಸಿನ ವರ್ತಕರು ಅಲ್ಲಿ ಕಾದಿದ್ದು ಕೊಳ್ಳುತ್ತಿದ್ದರು. ೧೪೨೨ರಿಂದ ೧೪೩೮ರವರೆಗೆ ಆಳಿದ ಮಮ್ಲೂಕ ಸುಲ್ತಾನ ಬಾರ್ಸ್‌ಬೇಯು ಜಿದ್ದಾ ಬಂದರಿನ ಸುಂಕವನ್ನು ತನ್ನ ಕೈಗೆ ತೆಗೆದುಕೊಂಡು ಮೆಣಸಿನ ವ್ಯಾಪಾರವನ್ನೇ ಸರಕಾರದ ಏಕಸ್ವಾಮ್ಯವಾಗಿ ಮಾಡಿಕೊಂಡನು. ಈ ಲಾಭವು ಕೈತಪ್ಪಬಾರದಾದರೆ ಯೂರೋಪಿನ ಕ್ರೈಸ್ತರು ಕೆಂಪು ಸಮುದ್ರದ ಗುಟ್ಟನ್ನು ಅರಿಯಬಾರದಷ್ಟೆ. ಆದುದರಿಂದ ಅಲೆಕ್ಸಾಂಡ್ರಿಯದವರೆಗೆ ಬರುವ ವೆನಿಸಿನವನಿಗೆ ಮರ್ಯಾದೆ, ಕೆಂಪು ಸಮುದ್ರದಲ್ಲಿ ಸಿಕ್ಕಿಬಿದ್ದ ವೆನಿಸಿನವನಿಗೆ ಪ್ರಾಣಭಯ. ಕೊಂಟಿಯು ಬಂದದ್ದು ಆ ನಿಷಿದ್ಧವಾದ ಬಾಗಿಲಿನಿಂದ.

ಒಬ್ಬಂಟಿಗನಾಗಿದ್ದರೆ ವೇಷದ ಬಲದಿಂದಲೂ ಭಾಷೆಯ ಬಲದಿಂದಲೂ ಅವನು ಜಾರಿಕೊಳ್ಳುತ್ತಿದ್ದನೇನೋ. ಇಪ್ಪತ್ತು ವರ್ಷಕ್ಕೆ ಮೇಲ್ಪಟ್ಟು ಹಾಗೆಯೇ ಬದುಕಿದವನಲ್ಲವೆ! ಆದರೆ ಹೆಂಡತಿಯನ್ನೂ ಎಳೆಯ ಮಕ್ಕಳನ್ನೂ ಕಟ್ಟಿಕೊಂಡವನಿಗೆ ಜಾರಿಕೊಳ್ಳುವ ದಾರಿಯೆಲ್ಲಿ? ಇಸ್ಲಾಂ ಧರ್ಮವನ್ನು ಒಪ್ಪಿಕೊಳ್ಳಬೇಕೆಂಬ ಬಲಾತ್ಕಾರ ಬಂದಾಗ ಅವನು ಒಪ್ಪಿಕೊಂಡನು. ತನ್ನ ಸಾವಿನ ಅಂಜಿಕೆಗಿಂತಲೂ ಹೆಂಡತಿ ಮಕ್ಕಳಿಗೆ ಒದಗಬಹುದಾದ ಅಪಾಯದ ಅಂಜಿಕೆಯೇ ಇದಕ್ಕೆ ಕಾರಣವೆಂದು ಅವನ ವೃತ್ತಾಂತವನ್ನು ಬರೆದಿಟ್ಟ ಪೊಜ್ಜಿಯೊ ಬ್ರಾಚ್ಚೊಲೀನಿ ಎಂಬ ವಿದ್ವಾಂಸನು ಸ್ಪಷ್ಟವಾಗಿ ಹೇಳಿರುವನು. ಇದು ಈಜಿಪ್ತದ ಗಡಿಯಲ್ಲಿ ನಡೆಯಿತೆಂದು ಪೊಜ್ಜಿಯೊ, ಮೆಕ್ಕಾದಲ್ಲಿ ನಡೆಯಿತೆಂದು ಇನ್ನೊಬ್ಬ ಸಾಕ್ಷಿ. ಸ್ಥಳದಲ್ಲಿ ಭೇದವಿದ್ದರೂ ಸಂಗತಿಯಲ್ಲಿ ಭೇದವಿಲ್ಲ. ಈ ಎರಡನೆಯ ಸಾಕ್ಷಿಯು ಯಾರೆಂಬುದನ್ನು ಈಗ ಹೇಳಬೇಕಾಗಿದೆ.

೪

ಅದೇ ಕಾಲದಲ್ಲಿ ಸ್ಪೇನ್ ದೇಶದ ಕಾರ್ಡೊವ ಪಟ್ಟಣದ ಪೆರೊ ತಾಫೂರ್ ಎಂಬ ಗೃಹಸ್ಥನೊಬ್ಬನು ಲೋಕವನ್ನು ನೋಡಬೇಕೆಂಬ ಬಯಕೆಯಿಂದ ಹೊರಟು, ಸೈಪ್ರಸ್ ದ್ವೀಪದ ದೊರೆಯ ನಿಯೋಗಿಯಾಗಿ ಕೈರೋಕ್ಕೆ ಬಂದಿದ್ದನು. ಅವನ ಭಾಗ್ಯವೇ ಬೇರೆ. ಸುಲ್ತಾನನ ಹಿರಿಯ ದುಭಾಷಿಯು ಅವನನ್ನು ತನ್ನ ಮನೆಯಲ್ಲಿ ಇಳಿಸಿಕೊಂಡನು. ಆ ದುಭಾಷಿಯು ಸ್ಪೇನಿನ ಸೆವಿಲ್ ಪಟ್ಟಣದಲ್ಲಿ ಹುಟ್ಟಿದ ಯೆಹೂದಿ; ಬಳಿಕ ಮುಸಲ್ಮಾನನಾಗಿ ಆಸ್ಥಾನದಲ್ಲಿ ದೊಡ್ಡ ಪದವಿಗೇರಿದವನು. ತನ್ನ ಹುಟ್ಟುನಾಡಿನ ಮಾತನ್ನಾಡುವ ಅತಿಥಿಯೊಬ್ಬನು ದೊರೆತನೆಂಬ ಸಂತೋಷದಿಂದ ಅವನು ತಾಫೂರನಿಗೆ ನೋಡತಕ್ಕುದನ್ನೆಲ್ಲ ತೋರಿಸಿದನು. ತಾಫೂರನು ನೈಲ್ ನದಿಯನ್ನು ಕಂಡನು. ಆನೆಗಳನ್ನೂ ಜಿರಾಫೆಯನ್ನೂ ಕಂಡು ಬೆರಗಾದನು. ಮತಾರಿಯ ಎಂಬಲ್ಲಿಯ ಸುಗಂಧದ ತೋಟವನ್ನು ಕಂಡನು. ಮರಳಿನಲ್ಲಿ ನಿಂತ ಮಹಾ ಪಿರಮಿಡ್ಡುಗಳನ್ನು ಕಂಡು, ಅವು ಜೋಸೆಫನು ಧಾನ್ಯ ತುಂಬಿಸಿದ ಕಣಜಗಳೆಂದು ಆಗಿನ ಕ್ರೈಸ್ತರು ನಂಬಿದ್ದಂತೆಯೇ ನಂಬಿದನು. ದಾರಿ ತೋರುವವನೂ ದುಭಾಷಿಯೂ ರಾಜಮುದ್ರೆಯೂ ಇದ್ದರೆ ಪರದೇಶವು ಹೇಗೆ ಒಂದು ವಸ್ತುಪ್ರದರ್ಶನವಾಗಿ ಪರಿಣಮಿಸುವುದೆಂಬುದಕ್ಕೆ ಇವನ ಗ್ರಂಥವೇ ನಿದರ್ಶನ.

ಅಲ್ಲಿಂದ ತಾಫೂರನು ಸೀನಾಯ್ ಪರ್ವತದ ಸಂತ ಕ್ಯಾಥರೀನಳ ಮಠಕ್ಕೆ ಹೋದನು. ಹಿಂದೂದೇಶದ ಸರಕನ್ನು ಹೊತ್ತ ದೊಡ್ಡ ಒಂಟೆಸಾಲು ಆ ಕಡೆ ಬರುವುದೆಂದು ತಿಳಿದು, ಅದರೊಡನೆ ಹಿಂದೂದೇಶಕ್ಕೇ ಹೋಗಿಬಿಡಬೇಕೆಂದು ಅವನ ಮನಸ್ಸು. ಆ ಸಾಲಿನ ಸಂಗಡ ಬಂದವನೇ ನಮ್ಮ ಕೊಂಟಿ. ಜತೆಯಲ್ಲಿ ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಹೆಣ್ಣುಮಗಳು. ಪೊಜ್ಜಿಯೊವಿನ ಲೆಕ್ಕದಲ್ಲಿ ಮಕ್ಕಳು ನಾಲ್ವರು, ಆಳುಗಳೂ ಅಷ್ಟೇ ಮಂದಿ. ತಾಫೂರನ ಬಯಕೆಯನ್ನು ಕೇಳಿ ಕೊಂಟಿಯು ಅವನನ್ನು ಬಹಳವಾಗಿ ತಡೆದನು. ದಾರಿಯು ದೀರ್ಘವಾದುದು, ಪರಿಚಯವಿಲ್ಲದ ಜನ, ಒಗ್ಗದ ಹವೆ, ಒಗ್ಗದ ಅನ್ನಪಾನ; ಹೋದವನು ಹಿಂದಿರುಗುವುದೇ ದುರ್ಲಭ; ತನ್ನ ಮೇಲೆ ಪ್ರೀತಿಯಿಟ್ಟು ಊರಿಗೆ ಮರಳಬೇಕೆಂಬುದು ಅವನ ಉಪದೇಶದ ಸಾರಾಂಶ. ತಾಫೂರನು ಒಪ್ಪಿದನು. ಇಬ್ಬರೂ ಕೂಡಿ ಮರಳುಗಾಡಿನಲ್ಲಿ ಕೈರೋದತ್ತ ಹೊರಟರು. ದಾರಿಯುದ್ದಕ್ಕೂ ಕೊಂಟಿಯು ತಾನು ಕಂಡದ್ದನ್ನು ಹೇಳಿದನು, ತಾಫೂರನು ಕೇಳಿದನು. ಈ ಸ್ಪೇನಿನವನ ಗ್ರಂಥವು ನಾಲ್ಕು ಶತಮಾನಗಳ ಕಾಲ ಹಸ್ತಪ್ರತಿಯಲ್ಲಿಯೇ ಉಳಿದು, ೧೮೭೪ರಲ್ಲಿ ಮ್ಯಾಡ್ರಿಡ್ ನಗರದಲ್ಲಿ ಅಚ್ಚಾಯಿತು. ಅದರಿಂದಲೇ ಆ ಹಾದಿಯ ಮಾತುಕತೆ ನಮ್ಮವರೆಗೆ ಬಂದಿರುವುದು.

ಇಲ್ಲಿ ವಾಚಕರು ಒಂದು ಕ್ಷಣ ನಿಂತು ಆಲೋಚಿಸಬೇಕೆಂದು ಪ್ರಾರ್ಥನೆ. ಒಂದೇ ಮರಳಿನ ಮೇಲೆ, ಒಂದೇ ಒಂಟೆಸಾಲಿನಲ್ಲಿ ಇಬ್ಬರು ಯಾತ್ರಿಕರು. ಒಬ್ಬನಿಗೆ ಈಜಿಪ್ತವು ನೋಟ. ಇನ್ನೊಬ್ಬನಿಗೆ ಅದು ದಾಟಬೇಕಾದ ಗಂಡಾಂತರ. ಒಬ್ಬನಿಗೆ ಮಾರ್ಗದರ್ಶಿಗಳು ಮೂವರು ನಾಲ್ವರು. ಇನ್ನೊಬ್ಬನೇ ತನ್ನ ಸಂಸಾರಕ್ಕೆ ಮಾರ್ಗದರ್ಶಿ, ದುಭಾಷಿ, ಕಾವಲುಗಾರ. ಆ ತಾಯಿಗೂ ಮಕ್ಕಳಿಗೂ ವೆನಿಸ್ ಎಂಬುದು ಕಿವಿಯಿಂದ ಕೇಳಿದ ಹೆಸರು ಮಾತ್ರ. ತಂದೆಗೆ ಅದು ಊರಿಗೆ ಮರಳುವುದಾದರೆ, ಅವರಿಗೆ ತಮ್ಮ ಊರನ್ನು ಬಿಟ್ಟುಹೋಗುವುದು.

ಕೈರೋವನ್ನು ಮುಟ್ಟಿದ ಮೇಲೆ ದುಃಖ ಕಾದಿತ್ತು. ೧೩೪೭-೪೮ರ ಮಹಾಮಾರಿಯ ತರುವಾಯ ಈಜಿಪ್ತ ದೇಶದಲ್ಲಿ ಪ್ಲೇಗು ಕೆಲವು ವರ್ಷಗಳಿಗೊಮ್ಮೆ ಮರುಕಳಿಸುತ್ತಲೇ ಇತ್ತು. ೧೪೨೯-೩೦ರಲ್ಲಿ ಅದು ಘೋರವಾಗಿ ಹಬ್ಬಿತ್ತು. ಸುಲ್ತಾನ ಬಾರ್ಸ್‌ಬೇಯು ತೀರಿಕೊಂಡ ೧೪೩೮ರಲ್ಲಿಯೂ ನಗರದಲ್ಲಿ ಪ್ಲೇಗಿನ ಹಾವಳಿ ಇದ್ದಿತು. ಕೊಂಟಿಯ ಹೆಂಡತಿಯೂ, ಮಕ್ಕಳಲ್ಲಿ ಇಬ್ಬರೂ, ಆಳುಗಳೆಲ್ಲರೂ ಆ ನಗರದಲ್ಲಿ ಪ್ಲೇಗಿಗೆ ತುತ್ತಾದರು. ಸಮುದ್ರದ ಬಿರುಗಾಳಿಯಿಂದಲೂ ಕಳ್ಳರಿಂದಲೂ ಸುಲ್ತಾನನ ಅಧಿಕಾರಿಗಳಿಂದಲೂ ಯಾರನ್ನು ಕಾಪಾಡಲು ಅವನು ಧರ್ಮವನ್ನೇ ಬಿಟ್ಟುಕೊಟ್ಟನೋ ಅವರಲ್ಲಿ ಹೆಚ್ಚಿನವರು ಕಣ್ಣಿಗೆ ಕಾಣದ ಶತ್ರುವಿನ ಪಾಲಾದರು. ೧೮೯೮ರ ಮುಂದಣ ವರ್ಷಗಳಲ್ಲಿ ನಮ್ಮ ಕಡೆಯ ಊರುಗಳಲ್ಲಿಯೂ ಪ್ಲೇಗು ಹೊಕ್ಕು, ಜನರು ಮನೆಗಳಿಗೆ ಬೀಗವಿಕ್ಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡದ್ದನ್ನು ಮನೆಯ ಹಿರಿಯರಿಂದ ಕೇಳಿದವರು ಈ ಸಂಕಟವನ್ನು ಊಹಿಸಿಕೊಳ್ಳಬಲ್ಲರು. ಇವರಿಗಾದರೋ ಓಡಿಹೋಗಲು ಹೊಲವಿರಲಿಲ್ಲ. ಪರದೇಶದ ಪಟ್ಟಣದಲ್ಲಿ ಬಿಡಾರವೊಂದೇ ಗತಿ.

ಉಳಿದ ಇಬ್ಬರು ಮಕ್ಕಳನ್ನು ಕರೆದುಕೊಂಡು ಕೊಂಟಿಯು ಇಟಲಿಗೆ ಹೋಗಿ ಸೇರಿದನು. ಅವನು ಊರು ಬಿಟ್ಟು ೨೫ ವರ್ಷಗಳಾಗಿದ್ದುವೆಂದು ಪೊಜ್ಜಿಯೊ ಹೇಳುತ್ತಾನೆ. ತಾಫೂರನು ೪೦ ಎನ್ನುತ್ತಾನೆ. ಪೊಜ್ಜಿಯೊವಿನ ಲೆಕ್ಕವೇ ಇತರ ಸಂಗತಿಗಳಿಗೆ ಹೊಂದುತ್ತದೆ.

೫

ಇಷ್ಟನ್ನು ಓದಿದ ನಮ್ಮವರಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಆ ಹೆಂಡತಿಯು ಯಾವ ನಾಡಿನವಳು? ವಿಜಯನಗರದ ಸೀಮೆಯವಳೇ ಆಗಿರಬಾರದೇಕೆ? ಹಾಗೆಂದುಕೊಳ್ಳಲು ಮನಸ್ಸು ಹಾತೊರೆಯುತ್ತದೆ. ತುಂಗಭದ್ರೆಯ ದಡದ ಹೆಣ್ಣುಮಗಳೊಬ್ಬಳು ನೈಲ್ ನದಿಯ ದಡದಲ್ಲಿ ಮಣ್ಣಾದಳೆಂದರೆ ಎಂಥ ಕರುಣರಸದ ಕಥಾವಸ್ತು! ಆದರೆ ಕಥೆಗೆ ಇರುವ ಸ್ವಾತಂತ್ರ್ಯ ಚರಿತ್ರೆಗೆ ಇಲ್ಲ. ಹಿಂದೂದೇಶದಲ್ಲಿ ಕೊಂಟಿಯು ಮದುವೆಯಾದನೆಂದು ತಾಫೂರನು ಹೇಳಿದ್ದಾನೆ. ಆ ಮದುವೆಯನ್ನು ಮಾಡಿಸಿದವನು ಪ್ರೆಸ್ಟರ್ ಜಾನ್ ಎಂಬ ಕಾಲ್ಪನಿಕ ಕ್ರೈಸ್ತ ಸಾರ್ವಭೌಮನೆಂದು ಕೂಡಲೇ ಸೇರಿಸಿ ತನ್ನ ಮಾತಿನ ತೂಕವನ್ನು ತಾನೇ ಕಡಮೆ ಮಾಡಿಕೊಂಡಿದ್ದಾನೆ. ಮಕ್ಕಳು ಹಿಂದೂದೇಶದಲ್ಲಿ ಹುಟ್ಟಿದವರೆಂಬುದು ಮಾತ್ರ ನಿಲ್ಲುವ ಮಾತು. ಪೊಜ್ಜಿಯೊ ಆಕೆಯ ನಾಡನ್ನೂ ಹೇಳಲಿಲ್ಲ, ಹೆಸರನ್ನೂ ಹೇಳಲಿಲ್ಲ. ಅರಸನ ಸಾವಿರಾರು ಮಡದಿಯರನ್ನು ಎಣಿಸಿದ ಗ್ರಂಥದಲ್ಲಿ ಯಾತ್ರಿಕನ ಒಬ್ಬಳೇ ಮಡದಿಗೆ ಹೆಸರಿಲ್ಲ. ಸಾಕ್ಷ್ಯವಿಲ್ಲದೆ ಆಕೆಯನ್ನು ನಮ್ಮವಳೆಂದು ಸಾಧಿಸಹೊರಡುವುದು ಆಕೆಗೆ ಇನ್ನೊಂದು ಅನ್ಯಾಯವನ್ನು ಮಾಡಿದಂತಾದೀತು.

ಇದರೊಡನೆ ಹೋಲಿಸಿ ನೋಡತಕ್ಕ ಇನ್ನೊಂದು ಕುಟುಂಬವಿದೆ. ಕೊಂಟಿಗಿಂತ ಸುಮಾರು ಮುನ್ನೂರು ವರ್ಷಗಳ ಹಿಂದೆ, ಉತ್ತರ ಆಫ್ರಿಕದ ಟ್ಯುನಿಸಿಯ ದೇಶದ ಮಹ್ದಿಯ ಪಟ್ಟಣದ ಅಬ್ರಹಾಂ ಬೆನ್ ಯೀಜು ಎಂಬ ಯೆಹೂದಿ ವರ್ತಕನು ಮಂಗಳೂರಿಗೆ ಬಂದು ನೆಲೆಸಿ, ಮೆಣಸಿನ ವ್ಯಾಪಾರವನ್ನೂ ಕಂಚಿನ ಪಾತ್ರೆಗಳ ಕಾರಖಾನೆಯನ್ನೂ ನಡೆಸಿದನು. ೧೧೩೨ರಲ್ಲಿ ಅವನು ಮಂಗಳೂರಿನಲ್ಲಿಯೇ ಆಶು ಎಂಬ ದಾಸಿಗೆ ಬಿಡುಗಡೆಯ ಪತ್ರವನ್ನು ಬರೆದುಕೊಟ್ಟನು. ಆಕೆಯೇ ಅವನ ಮಕ್ಕಳ ತಾಯಿಯೆಂದು ವಿದ್ವಾಂಸರ ನಿರ್ಣಯ. ೧೧೪೯ರಲ್ಲಿ ಅವನು ಮಕ್ಕಳೊಡನೆ ಏಡನ್‌ಗೆ ಹೊರಟನು. ಅದರ ಹಿಂದಿನ ವರ್ಷವೇ ಅವನ ಹುಟ್ಟೂರಾದ ಮಹ್ದಿಯವು ಸಿಸಿಲಿಯ ನಾರ್ಮನ್ ದೊರೆಯ ವಶವಾಗಿ, ಒಡಹುಟ್ಟಿದವರು ದಿಕ್ಕಾಪಾಲಾಗಿದ್ದರು. ದಾರಿಯಲ್ಲಿ ಮಗನೊಬ್ಬನನ್ನು ಕಳೆದುಕೊಂಡು ಅವನು ಕಡೆಗೆ ಈಜಿಪ್ತಕ್ಕೆ ಬಂದನು. ಮಂಗಳೂರಿನಲ್ಲಿ ಹುಟ್ಟಿದ ಅವನ ಮಗಳಿಗೆ ಕೈರೋದ ಪಕ್ಕದ ಫುಸ್ತಾತ್‌ನಲ್ಲಿ ೧೧೫೬ರಲ್ಲಿ ಅವನ ಸಹೋದರನ ಮಗನೊಡನೆ ಮದುವೆಯಾಯಿತು.

ಇಷ್ಟು ವಿವರಗಳು ನಮಗೆ ಹೇಗೆ ತಿಳಿದುವು? ದೇವರ ನಾಮವಿರಬಹುದಾದ ಕಾಗದವನ್ನು ಹರಿದು ಬಿಸಾಡಬಾರದೆಂದು ಫುಸ್ತಾತಿನ ಯೆಹೂದಿಗಳು ತಮ್ಮ ಪ್ರಾರ್ಥನಾಮಂದಿರದ ಕೋಣೆಯೊಂದರಲ್ಲಿ ಹಳೆಯ ಪತ್ರಗಳನ್ನು ತುಂಬಿಡುತ್ತಿದ್ದರು. ೧೮೯೬-೯೭ರಲ್ಲಿ ಸೊಲೊಮನ್ ಶೆಕ್ಟರ್ ಎಂಬ ಪಂಡಿತನು ಅವುಗಳ ಬಹುಭಾಗವನ್ನು ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಸಾಗಿಸಿದನು. ಎಸ್. ಡಿ. ಗೊಯ್ಟೈನ್ ಮೊದಲಾದ ವಿದ್ವಾಂಸರು ದಶಕಗಳ ಕಾಲ ದುಡಿದು ಅವುಗಳಲ್ಲಿಯ ಹಿಂದೂದೇಶದ ವ್ಯಾಪಾರದ ಕಾಗದಗಳನ್ನು ಬೇರ್ಪಡಿಸಿ ಓದಿದರು. ಅಮಿತಾವ್ ಘೋಷ್ ಅವರು ೧೯೯೨ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ಕುಟುಂಬದ ಕಥೆಯನ್ನು ಸಾಮಾನ್ಯ ವಾಚಕರಿಗೂ ತಲಪಿಸಿದರು.

ಆಶುವಿನ ಹೆಸರು ಉಳಿದದ್ದು ಯಾವ ಚರಿತ್ರಕಾರನ ಔದಾರ್ಯದಿಂದಲೂ ಅಲ್ಲ. ಬಿಡುಗಡೆಯ ಪತ್ರವೊಂದು, ಲೆಕ್ಕದ ಚೀಟಿಗಳು, ಅಣ್ಣ ತಮ್ಮಂದಿರ ಓಲೆಗಳು ನಾಶವಾಗದೆ ಉಳಿದುವು. ಅವುಗಳೊಡನೆ ಆಕೆಯೂ ಉಳಿದಳು. ಕೊಂಟಿಯ ಹೆಂಡತಿಗೆ ಅಂಥ ಚೀಟಿಯೊಂದೂ ಸಿಕ್ಕಲಿಲ್ಲ. ಆಕೆಯ ವಿಷಯದಲ್ಲಿ ಉಳಿದದ್ದು ಪಂಡಿತನೊಬ್ಬನ ಲ್ಯಾಟಿನ್ ಗ್ರಂಥದಲ್ಲಿಯೂ ತಾಫೂರನ ಗ್ರಂಥದಲ್ಲಿಯೂ ಬಂದ ಕೆಲವೇ ಮಾತುಗಳು ಮಾತ್ರ. ಪಂಡಿತನ ಗ್ರಂಥಕ್ಕಿಂತ ಅಂಗಡಿಯ ಚೀಟಿಯು ಮನುಷ್ಯರನ್ನು ಹೆಚ್ಚು ಚೆನ್ನಾಗಿ ಕಾಪಾಡಿತೆಂಬುದು ವಿಚಾರಾರ್ಹವಾದ ಮಾತು.

೬

ಇನ್ನು ಆ ಗ್ರಂಥದ ವಿಷಯ. ಇಟಲಿಗೆ ಬಂದ ಕೊಂಟಿಯು, ಧರ್ಮವನ್ನು ತ್ಯಜಿಸಿದ ಪಾಪಕ್ಕೆ ಕ್ಷಮೆ ಬೇಡಲು, ಆಗ ಫ್ಲಾರೆನ್ಸ್ ನಗರದಲ್ಲಿ ಬೀಡುಬಿಟ್ಟಿದ್ದ ಪೋಪ್ ನಾಲ್ಕನೆಯ ಯೂಜೀನಿಯಸನ ಬಳಿಗೆ ಹೋದನು. ಪೋಪನು ಕ್ಷಮಿಸಿ, ಯಾತ್ರೆಯ ವೃತ್ತಾಂತವನ್ನೆಲ್ಲ ಸತ್ಯವಾಗಿ ತನ್ನ ಕಾರ್ಯದರ್ಶಿಯಾದ ಪೊಜ್ಜಿಯೊವಿಗೆ ಹೇಳಬೇಕೆಂಬುದನ್ನೇ ಪ್ರಾಯಶ್ಚಿತ್ತವಾಗಿ ವಿಧಿಸಿದನೆಂದು ಪರಂಪರೆಯಾಗಿ ಹೇಳಿಕೆಯಿದೆ. ಹೆಂಡತಿ ಮಕ್ಕಳ ಪ್ರಾಣವನ್ನು ಉಳಿಸಲು ಅವನು ಧರ್ಮವನ್ನು ಬಿಟ್ಟದ್ದರಿಂದ ಪಾಪಶಂಕೆ. ಪಾಪಶಂಕೆಯಿಂದ ಪೋಪನ ದರ್ಶನ. ದರ್ಶನದಿಂದ ಪೊಜ್ಜಿಯೊವಿನ ಲೇಖನಿ. ಲೇಖನಿಯಿಂದ ನಮ್ಮ ಪಾಠಪುಸ್ತಕದ ೬೦ ಮೈಲಿಯ ಸುತ್ತಳತೆ. ಈ ಸರಪಳಿಯ ಮೊದಲ ಕೊಂಡಿಯು ಆ ಹೆಂಗಸು ಮತ್ತು ಮಕ್ಕಳೇ. ಒಬ್ಬಂಟಿಗನಾಗಿ ಬಂದಿದ್ದ ವರ್ತಕನು ಸದ್ದಿಲ್ಲದೆ ವೆನಿಸನ್ನು ಸೇರಿ ತನ್ನ ಅಂಗಡಿಯನ್ನು ತೆರೆದಿದ್ದರೆ, ಮೊದಲನೆಯ ದೇವರಾಯನ ನಗರದ ಬಗೆಗೆ ಯೂರೋಪಿನ ಸಾಕ್ಷ್ಯವು ನಮಗೆ ದೊರೆಯುತ್ತಲೇ ಇರಲಿಲ್ಲವೋ ಏನೋ.

ಪೊಜ್ಜಿಯೊ ಈ ವೃತ್ತಾಂತವನ್ನು ಸೇರಿಸಿದ್ದು ಯಾವುದರಲ್ಲಿ? ಭಾಗ್ಯದ ಚಂಚಲತೆಯನ್ನು ಕುರಿತು ೧೪೪೭-೪೮ರ ಸುಮಾರಿಗೆ ಮುಗಿಸಿದ ತನ್ನ ಪ್ರಬಂಧದ ನಾಲ್ಕನೆಯ ಭಾಗದಲ್ಲಿ. ಅದರ ಮೊದಲನೆಯ ಭಾಗದಲ್ಲಿ ಅವನು ರೋಮ್ ನಗರದ ಹಾಳುಗುಡ್ಡೆಗಳನ್ನು ನೋಡಿ ಮರುಗುತ್ತಾನೆ. ಅವನ ನಾಲ್ಕನೆಯ ಭಾಗದಲ್ಲಿ ವೈಭವದಿಂದ ಮೆರೆಯುವ ಬಿಜೆನೆಗಾಲಿಯವೇ ೧೫೬೫ರ ಯುದ್ಧದ ಬಳಿಕ ಇನ್ನೊಂದು ರೋಮಾಯಿತು. ಭಾಗ್ಯದ ವೈಪರೀತ್ಯಕ್ಕೆ ಅರಸರನ್ನೂ ನಗರಗಳನ್ನೂ ಉದಾಹರಿಸಿದ ಆ ಪಂಡಿತನ ಎದುರಿನಲ್ಲಿಯೇ ಕುಳಿತು ಮಾತನಾಡುತ್ತಿದ್ದವನು ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕೈರೋದಲ್ಲಿ ಮಣ್ಣುಮಾಡಿ ಬಂದವನು. ಅದಕ್ಕೆ ಒಂದು ವಾಕ್ಯ ಸಾಕಾಯಿತು!

ಗ್ರಂಥವು ೧೪೯೨ರಲ್ಲಿ ಲ್ಯಾಟಿನಿನಲ್ಲಿ ಅಚ್ಚಾಯಿತು; ೧೫೦೨ರಲ್ಲಿ ಲಿಸ್ಬನ್ ನಗರದಲ್ಲಿ ಪೋರ್ಚುಗೀಸ್ ಭಾಷೆಗೆ ಬಂದಿತು; ೧೮೫೭ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಮದ್ರಾಸ್ ಪ್ರಾಂತದ ಅಧಿಕಾರಿಯಾಗಿದ್ದ ರಾಬರ್ಟ್ ಸೀವೆಲನು ೧೯೦೦ರಲ್ಲಿ ಬರೆದ ವಿಜಯನಗರದ ಚರಿತ್ರೆಯ ಮೂಲಕ ಕೊಂಟಿಯ ಮಾತುಗಳು ನಮ್ಮ ಕಡೆಯ ಓದುಗರಿಗೆ ಪರಿಚಿತವಾದುವು. ಕೊಂಟಿಯು ೧೪೬೯ರಲ್ಲಿ ತೀರಿಕೊಂಡನು. ಕೈಗೆ ಬಂದ ಪ್ರತಿಯೊಬ್ಬರೂ ನಗರದ ವರ್ಣನೆಯನ್ನು ಮುಂದಕ್ಕೆ ದಾಟಿಸಿದರು. ಸಂಸಾರದ ಸುದ್ದಿಯು ಹಿಂದೆಯೇ ಉಳಿಯಿತು.

ನಮ್ಮ ಹೊಳಲಿನಲ್ಲಿ ಶೇಷಶಾಯಿಯಾದ ಅನಂತಪದ್ಮನಾಭನ ವಿಗ್ರಹವಿದೆಯಷ್ಟೆ. ಕೃಷ್ಣದೇವರಾಯನು ಹೊಸಪೇಟೆಯ ಬಳಿ ೧೫೨೪ರಲ್ಲಿ ಕಟ್ಟಿಸಿದ ದೊಡ್ಡ ದೇವಾಲಯವು ಈ ಸ್ವಾಮಿಗಾಗಿಯೇ ಸಿದ್ಧವಾದುದೆಂದೂ, ಸ್ವಾಮಿಯು ಅಲ್ಲಿಗೆ ಹೋಗದೆ ಹೊಳಲಿನಲ್ಲಿಯೇ ನಿಂತನೆಂದೂ ಐತಿಹ್ಯ. ಅನಂತಶಯನಗುಡಿಯು ಮೂರ್ತಿಯಿಲ್ಲದೆ ಇಂದಿಗೂ ಬರಿದಾಗಿ ನಿಂತಿದೆ. ಆ ಗುಡಿಯನ್ನು ನೋಡಲು ಹೋದವರು ಗೋಪುರವನ್ನೂ ಕಮಾನನ್ನೂ ಹೊಗಳಿ, ಬರಿದಾದ ಪೀಠವನ್ನು ಕಂಡು 'ಇಲ್ಲಿರಬೇಕಾದವನು ಎಲ್ಲಿ?' ಎಂದು ಕೇಳದೆ ಬರುವುದಿಲ್ಲ. ಕೇಳಿದವರಿಗೆ ಉತ್ತರ ಹೇಳಲು ನಮ್ಮ ಊರವರು ಇದ್ದಾರೆ. ಕೊಂಟಿಯ ಗ್ರಂಥದಲ್ಲಿಯೂ ಅಂಥದೇ ಬರಿಯ ಪೀಠವಿದೆ. ಅದನ್ನು ಕುರಿತು ಕೇಳುವವರು ಮಾತ್ರ ಕಡಮೆ.

ಆದಕಾರಣ ಚರಿತ್ರೆಯನ್ನು ಪಾಠಹೇಳುವ ಉಪಾಧ್ಯಾಯ ಮಹಾಶಯರಲ್ಲಿ ಒಂದು ವಿಜ್ಞಾಪನೆ. ವಿಜಯನಗರದ ಕೋಟೆಯ ಸುತ್ತಳತೆಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವಾಗ, ಆ ಲೆಕ್ಕವನ್ನು ನಮಗೆ ತಂದುಕೊಟ್ಟವನು ಹೆಂಡತಿ ಮಕ್ಕಳೊಡನೆ ಬಂದನೆಂಬುದನ್ನೂ, ಅವರಲ್ಲಿ ಮೂವರು ಕೈರೋ ನಗರದಲ್ಲಿಯೇ ಉಳಿದರೆಂಬುದನ್ನೂ ಒಂದು ಮಾತಿನಲ್ಲಾದರೂ ಹೇಳಬೇಕು. ನಮ್ಮ ಮನೆಗಳ ಅಟ್ಟದ ಮೇಲೆ ಗೆದ್ದಲು ಹಿಡಿಯುತ್ತಿರುವ ಲೆಕ್ಕದ ಕಡತಗಳನ್ನೂ ಹಳೆಯ ಕಾಗದಗಳನ್ನೂ ಒಲೆಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡಬೇಕು. ಯಾವ ಪಂಡಿತನೂ ಬರೆಯದ ಹೆಸರೊಂದು ಅದರಲ್ಲಿ ಇದ್ದೀತು.